ಔಷಧ ಕುಡಿಯದ ಇಪ್ಪತ್ತು ಇಲಿಗಳು

ಬಹಳ ಹಿಂದೆ, ಪ್ರಯೋಗಾಲಯಗಳಿದ್ದರೂ ಅವುಗಳ ವರದಿ ಓದುವ ಅಭ್ಯಾಸ ಇನ್ನೂ ಹುಟ್ಟಿರದ ಕಾಲದಲ್ಲಿ, ನಿರಾಮಯಪುರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಶ್ರೀಮನ್ಮಹಾರಾಜ ಪ್ರಸನ್ನಕೇತುವಿಗೆ ಒಮ್ಮೆ ಕಾಲಿನ ಹೆಬ್ಬೆರಳಲ್ಲಿ ಕೀವು ತುಂಬಿ ಜ್ವರ ಬಂದಿತು. ಆಸ್ಥಾನ ವೈದ್ಯರು ‘ಕ್ರಿಮಿಕೇಸರಿ’ ಎಂಬ ಆ್ಯಂಟಿಬಯೋಟಿಕ್ ಕೊಟ್ಟರು. ಐದನೆಯ ದಿನ ಪ್ರಭುಗಳು ಎದ್ದು ಕುಳಿತು ಎರಡು ಹೋಳಿಗೆ ತಿಂದರು.

ಔಷಧ ಒಳ್ಳೆಯದೇ. ತೊಂದರೆ ಶುರುವಾದದ್ದು ಪ್ರಭುಗಳ ಕೃತಜ್ಞತೆಯಿಂದ. ತಮಗೆ ಸಿಕ್ಕ ಸುಖ ಪ್ರಜೆಗಳಿಗೂ ಸಿಗಲೆಂದು, ರೋಗ ಇರಲಿ ಬಿಡಲಿ, ಎಲ್ಲರೂ ದಿನಾ ಬೆಳಿಗ್ಗೆ ಒಂದು ಚಮಚ ಕ್ರಿಮಿಕೇಸರಿ ಕುಡಿಯತಕ್ಕದ್ದೆಂದು ಆಜ್ಞೆ ಹೊರಡಿಸಿದರು. ‘ಮನೆ ಮನೆಗೆ ಚಮಚ’ ಅಭಿಯಾನ ಆರಂಭವಾಯಿತು. ಚಮಚಗಳಿಗೆ ಆಸ್ಥಾನದಲ್ಲಿ ಎಂದೂ ಕೊರತೆಯಿರಲಿಲ್ಲ.

ರಾಜ ಪ್ರಯೋಗಾಲಯದ ಸಂಶೋಧಕಿ ಕಾತ್ಯಾಯಿನಿಯ ಪಕ್ಕದ ಮನೆಯಲ್ಲಿ ಹೂವು ಮಾರುವ ಸಾವಂತ್ರಮ್ಮ ಇದ್ದಳು. ಎರಡು ತಿಂಗಳಲ್ಲಿ ಆಕೆಯ ಮುಖ, ಪಾದ ಎಲ್ಲ ಊದಿಕೊಂಡವು.

“ಮೈ ಕೈ ತುಂಬ್ಕೊಂಡಿದೀನಿ ಕಣವ್ವ. ಡಂಗುರದೋನು ಇದು ರಾಜರ ಪುಣ್ಯ ಅಂದ. ಕೂತ್ರೆ ಎದ್ದೇಳೋಕ್ ಆಗಲ್ಲ, ಅಷ್ಟೇ.”

ಕಾತ್ಯಾಯಿನಿ ಆಕೆಯ ಪಾದವನ್ನು ಬೆರಳಿನಿಂದ ಒತ್ತಿ ನೋಡಿದಳು. ಬಿದ್ದ ಗುಳಿ ಹಾಗೇ ಉಳಿಯಿತು. ಅಂದೇ ಪ್ರಯೋಗಾಲಯಕ್ಕೆ ಹೋಗಿ ನಲವತ್ತು ಇಲಿಗಳನ್ನು ಆರಿಸಿ, ಇಪ್ಪತ್ತಕ್ಕೆ ದಿನವೂ ಕ್ರಿಮಿಕೇಸರಿ, ಇಪ್ಪತ್ತಕ್ಕೆ ಬರೀ ನೀರು ಕೊಟ್ಟಳು. ಮೂರನೆಯ ವಾರದ ಹೊತ್ತಿಗೆ ಔಷಧ ಕುಡಿದವುಗಳ ಮೂತ್ರಪಿಂಡ ಹಾಳಾಗಿ, ರಕ್ತದಲ್ಲಿ ಕಶ್ಮಲ ಏರಿತ್ತು. ನೀರು ಕುಡಿದವು ಪಂಜರದಲ್ಲಿ ಕುಣಿಯುತ್ತಿದ್ದವು.

ಅವಳು ವರದಿ ಹಿಡಿದು ಆಸ್ಥಾನಕ್ಕೆ ಹೋದಳು.

“ಮಹಾಪ್ರಭು, ಔಷಧ ಕೆಟ್ಟದ್ದಲ್ಲ. ಸೋಂಕಿದ್ದವರಿಗೆ ಅಳತೆ ನೋಡಿ, ರಕ್ತಪರೀಕ್ಷೆ ಮಾಡಿಸುತ್ತಾ ಕೊಟ್ಟರೆ ಜೀವ ಉಳಿಸುತ್ತದೆ. ಸುಮ್ಮನೆ ದಿನವೂ ಕುಡಿಸಿದರೆ ಕಿಡ್ನಿ ಹೋಗುತ್ತದೆ. ಇಲಿಗಳಿಗೆ ಹೋಗಿದೆ. ನನ್ನ ಪಕ್ಕದ ಮನೆಯಾಕೆಗೂ ಹೋಗುತ್ತಿದೆ ಅನ್ನಿಸುತ್ತಿದೆ.”

ಪ್ರಭುಗಳ ಮುಖ ಬಾಡಿತು. “ನಮ್ಮ ಯೋಜನೆಯಿಂದ ಒಂದು ಇಲಿಗೂ ಒಳ್ಳೆಯದಾಗಲಿಲ್ಲವೇ?”

ಆರೋಗ್ಯಾಮಾತ್ಯ ಮಧುರವಾಕರು ವರದಿಯ ಪುಟ ತಿರುವಿದರು. “ಆಗಿದೆ ಪ್ರಭು. ನಲವತ್ತರ ಪೈಕಿ ಇಪ್ಪತ್ತು ಸಂಪೂರ್ಣ ಆರೋಗ್ಯವಾಗಿವೆ. ಹನ್ನೊಂದನೆಯ ಪುಟ.”

“ಅವು ಔಷಧ ಕುಡಿಯದ ಇಲಿಗಳು, ಸ್ವಾಮಿ,” ಎಂದಳು ಕಾತ್ಯಾಯಿನಿ.

“ಅದು ತಾಂತ್ರಿಕ ವಿವರ,” ಎಂದರು ಅಮಾತ್ಯರು.

“ಉಳಿದ ಇಪ್ಪತ್ತು?” ಪ್ರಭುಗಳು ಕೇಳಿದರು.

“ಅವು ಅತೃಪ್ತ ಇಲಿಗಳು, ಪ್ರಭು.”

ಅತೃಪ್ತರನ್ನು ಪ್ರಭುಗಳು ಬಲ್ಲರು. ಅವರ ಮನಸ್ಸು ಹಗುರಾಯಿತು. ಒಂದು ಚಮಚಕ್ಕೆ ಅರ್ಧದಷ್ಟು ಇಲಿಗಳು ಗುಣವಾದರೆ ಎರಡು ಚಮಚಕ್ಕೆ ಎಲ್ಲವೂ ಆಗಬೇಕಲ್ಲ ಎಂದು ತಾವೇ ಲೆಕ್ಕ ಹಾಕಿದರು. ಆಸ್ಥಾನದ ಗಣಿತಜ್ಞರು ಕಣ್ಣೊರೆಸಿಕೊಂಡರು. ಮರುದಿನದಿಂದ ಎರಡು ಚಮಚ. ಕಾತ್ಯಾಯಿನಿಗೆ ನವಿಲು ಗಣತಿ ಇಲಾಖೆಗೆ ವರ್ಗಾವಣೆ.

ಹೊರಡುವ ಮುನ್ನ ಅವಳು ಸಾವಂತ್ರಮ್ಮನಿಗೆ, “ಕುಡೀಬೇಡಿ ಅಮ್ಮ, ಚರಂಡಿಗೆ ಚೆಲ್ಲಿಬಿಡಿ,” ಎಂದಳು.

“ಹೆಂಗವ್ವ ಚೆಲ್ಲೋದು? ಚಮಚದೋನು ನುಂಗೋಗಂಟ ಎದುರ್ಗೇ ನಿಂತಿರ್ತಾನೆ. ಆಮೇಲೆ ನಾಲಿಗೆ ತೋರ್ಸು ಅಂತಾನೆ.”

ಅಭಿಯಾನದ ವಿಜಯೋತ್ಸವ ಅರಮನೆಯ ಅಂಗಳದಲ್ಲಿ ನಡೆಯಿತು. ಪಾದ ಊದಿದವರು ಕುಳಿತೇ ಜೈಕಾರ ಹಾಕಬಹುದೆಂಬ ರಿಯಾಯಿತಿ ಇದ್ದುದರಿಂದ ಊರಿಗೆ ಊರೇ ಕುಳಿತಿತ್ತು. ಪ್ರಭುಗಳಿಗೆ ‘ಮೂತ್ರಪಿಂಡ ಪರಿಪಾಲಕ’ ಎಂಬ ಬಿರುದು ಅರ್ಪಿತವಾಯಿತು. ರೇಷ್ಮೆಯ ಮೆತ್ತೆಯ ಮೇಲೆ ಆ ಇಪ್ಪತ್ತು ಆರೋಗ್ಯವಂತ ಇಲಿಗಳನ್ನು ಕರೆತಂದರು. ಬಹಳ ಲವಲವಿಕೆಯ ಇಲಿಗಳು.

ಸಂತೋಷ ತಡೆಯಲಾರದೆ ಪ್ರಭುಗಳು ಚಮಚದ ತುಂಬ ಕ್ರಿಮಿಕೇಸರಿ ಬಗ್ಗಿಸಿ ಮೊದಲ ಇಲಿಯ ಬಾಯಿಗೆ ಹಿಡಿದರು. ಅಮಾತ್ಯರು ಓಡಿಬಂದು ಕಿವಿಯಲ್ಲಿ ಪಿಸುಗುಟ್ಟಿದರು. “ಇವಕ್ಕೆ ಬೇಡ ಪ್ರಭು. ಮುಂದಿನ ವರ್ಷದ ವರದಿಗೂ ಇವು ಬೇಕು.”

ಪ್ರಭುಗಳಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ತುಂಬಿದ ಚಮಚ ದಂಡವಾಗಬಾರದು. ಸುತ್ತ ನೋಡಿದರು. ಮುಂದಿನ ಸಾಲಿನಲ್ಲಿ ಸಾವಂತ್ರಮ್ಮ ಕುಳಿತಿದ್ದಳು. ಇಬ್ಬರು ಭಟರು ಆಕೆಯನ್ನು ಹಿಡಿದೆತ್ತಿ ನಿಲ್ಲಿಸಿದರು. ಆಕೆ ಬಾಯಿ ತೆರೆದಳು, ನುಂಗಿದಳು, ಅಭ್ಯಾಸಬಲದಿಂದ ಮಹಾರಾಜರಿಗೇ ನಾಲಿಗೆ ಚಾಚಿ ತೋರಿಸಿದಳು.

ಸಭೆ ಎರಡು ನಿಮಿಷ ಚಪ್ಪಾಳೆ ತಟ್ಟಿತು.