ನೀರಿಗೆ ಬಂದ ಚರ್ಮ

ಫಿಲ್ಮಿನ ಮೇಲೆ ಎರಡು ಗೆರೆ ಇರಬೇಕಾದಲ್ಲಿ ಮೂರು ಇದ್ದವು. ಕೆರೆಯಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಮೂರೇ.

ಯೋಚನೆ ಹತ್ತಿದಾಗಲೆಲ್ಲ ತಲೆ ಕೆರೆದುಕೊಳ್ಳುತ್ತಿದ್ದ ಅವನಿಗೆ ಪ್ರಯೋಗಾಲಯದವರು ಇಟ್ಟ ಹೆಸರೇ ಕೆರೆಯಪ್ಪ. ಅವನ ಬದುಕೆಲ್ಲ ಒಂದು ಪುಟ್ಟ ಸೀಸೆಯ ಪ್ರತಿಕಾಯದ ಮೇಲೆ ನಿಂತಿತ್ತು. ಮನುಷ್ಯರ ಚರ್ಮದಲ್ಲಿ ಮಾತ್ರ ಇರುವ ಒಂದು ಕಿಣ್ವವನ್ನು ಅದು ಹುಡುಕಿ ಹಿಡಿಯುತ್ತಿತ್ತು. ಸಿಕ್ಕಿದ ಕಡೆ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತಿತ್ತು. ಮೊದಲ ಸಾಲಿನಲ್ಲಿ ಚರ್ಮದ ಚೂರು; ಅಲ್ಲಿ ಗೆರೆ ಸಹಜ. ಎರಡನೆಯದರಲ್ಲಿ ರೋಗಿಗಳ ರಕ್ತ; ಅಲ್ಲೂ ಗೆರೆ ಮೂಡುತ್ತದೆ ಎಂಬುದೇ ಕೆರೆಯಪ್ಪನ ಮಹಾಶೋಧ. ಮಾರನೆಯ ದಿನ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅದನ್ನು ತುಂಬಿದ ಸಭೆಯಲ್ಲಿ ಸಾರುವವರಿದ್ದರು. ಹೋಲಿಕೆಗೆ ಏನಿಟ್ಟಿರಿ ಎಂದು ಸಭೆಯವರು ಕೇಳಿಯಾರೆಂದು ಈ ಸಲ ಮೊದಲ ಬಾರಿಗೆ ಮೂರನೆಯ ಸಾಲಿನಲ್ಲಿ ಬರೀ ನೀರು ಇಡಿಸಿದ್ದರು.

"ನೀರಿಗೆ ಯಾವಾಗಿಂದ ಚರ್ಮ ಬಂತು?" ಎಂದರು ಮೇಡಂ. "ಸಂಜೆಯೊಳಗೆ ಸರಿಮಾಡಿ. ಇಲ್ದಿದ್ರೆ ನಿಮ್ಮನ್ನ ಕೆಲಸದಲ್ಲಿ ಮುಂದುವರಿಸಿ ಅಂತ ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ?"

ಕೆರೆಯಪ್ಪ ಸೀದಾ ಸ್ಟೋರಿಗೆ ಹೋಗಿ ಸೀಸೆ ಕೆಟ್ಟಿದೆ ಎಂದ.

"ಸೀಸೆ ಸರಿಯಾಗೇ ಇದೆ. ನಿಮ್ಮ ತಲೆ ನೋಡ್ಕೊಳ್ಳಿ," ಎಂದ ಸ್ಟೋರಿನವ ಸಿಟ್ಟಿನಿಂದ.

ಪ್ರಯೋಗಾಲಯದಲ್ಲಿ ಅವನ ಪಕ್ಕದ ಮೇಜಿನ ಅಕ್ಕ ಅಲ್ಲೇ ಇದ್ದರು; ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಅವನ ಹೆಗಲನ್ನು ಬೆರಳಿಂದ ಒರೆಸಿ, "ಹಿಟ್ಟಿನ ಗಿರಣಿಯಿಂದ ಬಂದ ಹಾಗಿದೀರಲ್ಲ. ತಲೆಹೊಟ್ಟೂ ಚರ್ಮಾನೇ ತಾನೆ? ಅದೇ ಉದುರಿದೆ ನೀರಿಗೆ," ಎಂದರು.

ತಲೆಗೆ ಪ್ಲಾಸ್ಟಿಕ್ ಟೋಪಿ ಬಂತು. ಒಳಗೆ ಬೆವರಿ ತುರಿಕೆ ಹೆಚ್ಚಾಯಿತು. ಎಣ್ಣೆ ಹಚ್ಚಿದರೆ ಹೊಟ್ಟು ಅಂಟಿಕೊಂಡಿರುತ್ತದೆ ಎಂದು ಸ್ಟೋರಿನವ ಯಂತ್ರದ ಎಣ್ಣೆಯನ್ನೇ ತಂದು ಸುರಿದ. ಅದು ಹಣೆಯಿಂದಿಳಿದು, ಮೂಗಿನ ತುದಿಯಲ್ಲಿ ಕ್ಷಣ ನಿಂತು, ಹೊಸದಾಗಿ ಶುರುಮಾಡಿದ್ದ ಪರೀಕ್ಷೆಯ ತಟ್ಟೆಯೊಳಕ್ಕೆ ಬಿತ್ತು. ಮಧ್ಯಾಹ್ನದವರೆಗಿನ ಕೆಲಸ ನೀರುಪಾಲು.

ಕೊನೆಗೆ ಪ್ರಯೋಗದ ಮೊಲಗಳನ್ನು ನೋಡಿಕೊಳ್ಳುವವ ತನ್ನ ಕೂದಲು ತೆಗೆಯುವ ಯಂತ್ರದೊಂದಿಗೆ ಬಂದ.

"ನೋವಾಗುತ್ತಾ?" ಎಂದ ಕೆರೆಯಪ್ಪ.

"ಮೊಲಗಳು ಇವತ್ತಿನವರೆಗೂ ಏನೂ ಅಂದಿಲ್ಲ."

ತಲೆ ಗುಂಡಾಯಿತು. "ಹುಬ್ಬಲ್ಲೂ ಹೊಟ್ಟಿರುತ್ತೆ," ಎಂದರು ಅಕ್ಕ. ಹುಬ್ಬೂ ಹೋಯಿತು. ಅಷ್ಟರಲ್ಲಿ ಹೆಂಡತಿಯ ವಿಡಿಯೊ ಕರೆ ಬಂತು. ತೆರೆಯ ಮೇಲೆ ಕಂಡದ್ದನ್ನು ಆಕೆ ಸ್ವಲ್ಪ ಹೊತ್ತು ನೋಡಿ, "ಈ ಫೋನು ನಮ್ಮೆಜಮಾನ್ರದ್ದು. ಅವರಿಗೆ ಕೊಡ್ತೀರಾ?" ಎಂದಳು.

"ನಾನೇ ಕಣೇ," ಎಂದ. ಆಕೆ ಕರೆ ಕತ್ತರಿಸಿದಳು.

ತಲೆ ತೊಳೆದು ಒರೆಸಿಕೊಂಡು, ಮೈಯೆಲ್ಲ ಮುಚ್ಚಿಕೊಂಡು, ಉಸಿರನ್ನೂ ಲೆಕ್ಕಹಾಕಿ ಬಿಡುತ್ತ ಮತ್ತೆ ಮೊದಲಿಂದ ಎಲ್ಲವನ್ನೂ ಮಾಡಿದ. ಸಂಜೆ ಫಿಲ್ಮನ್ನು ದೀಪಕ್ಕೆ ಹಿಡಿದಾಗ ನೀರಿನ ಸಾಲಿನಲ್ಲಿ ಗೆರೆಯ ಸುಳಿವೂ ಇರಲಿಲ್ಲ. ಅಕ್ಕ ಚಪ್ಪಾಳೆ ತಟ್ಟಿದರು. ಸ್ಟೋರಿನವ ತನ್ನ ಸೀಸೆಯ ಮಾನ ಉಳಿಯಿತೆಂದು ಕೈಕುಲುಕಿದ. ಮೊಲದವನ ಕಣ್ಣು ತುಂಬಿ ಬಂತು.

ಮೇಡಂ ಮಾತ್ರ ನಗಲಿಲ್ಲ. ಅವರ ಬೆರಳು ನಡುವಿನ ಸಾಲಿನ ಮೇಲೆ ನಿಂತಿತ್ತು.

"ರಕ್ತದ ಗೆರೆ ಎಲ್ಲಿ?"

ಚರ್ಮದ ಚೂರಿನ ಗೆರೆ ಅಚ್ಚುಕಟ್ಟಾಗಿತ್ತು, ಪ್ರತಿಕಾಯದ್ದೇನೂ ತಪ್ಪಿರಲಿಲ್ಲ. ರಕ್ತದ ಸಾಲು ಮಾತ್ರ ನೀರಿನಷ್ಟೇ ಖಾಲಿ. ಇಷ್ಟು ಕಾಲ ರೋಗಿಗಳ ರಕ್ತದಲ್ಲಿ ತಾನು ಕಂಡುಹಿಡಿಯುತ್ತಿದ್ದದ್ದು ತನ್ನದೇ ತಲೆಹೊಟ್ಟನ್ನು ಎಂದು ಕೆರೆಯಪ್ಪನಿಗೆ ಆಗ ಅರಿವಾಯಿತು.

ಮೇಡಂ ಉಳಿದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಅವನ ನುಣ್ಣನೆಯ ತಲೆಯನ್ನೇ ಬಹಳ ಹೊತ್ತು ನೋಡಿದರು.

"ಸಭೆ ಮುಂದಕ್ಕೆ ಹಾಕಿಸ್ತೀನಿ," ಎಂದರು ದನಿ ತಗ್ಗಿಸಿ. "ನಿಮ್ಮ ಕೂದಲು ಬೆಳೆಯೋಕೆ ಎಷ್ಟು ದಿನ ಬೇಕು?"