ಕಾರ್ಡಿನ ಬಾಯಿ ಮುಚ್ಚಿಸಿದ ಯೂಶೆಂಗ್

ಆರು ವರ್ಷದ ಹಿಂದೆ ತಾನೇ ಬರೆದ ಒಂದು ಸಾಲು ತನ್ನ ಮದುವೆಗೇ ಕಲ್ಲು ಹಾಕೀತೆಂದು ಫಾಂಗ್ ಯೂಶೆಂಗ್ ಕನಸಿನಲ್ಲೂ ಎಣಿಸಿರಲಿಲ್ಲ.

ಸಿಂಚು ಪಟ್ಟಣದ ಅವನ ಕಂಪನಿ ಸರ್ವರುಗಳಿಗೆ ನೆಟ್‌ವರ್ಕ್ ಕಾರ್ಡು ಮಾಡುತ್ತದೆ. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ಯೂಶೆಂಗನ ಕೂಸು. ಅದು ಎಲ್ಲಿ ಎಡವುತ್ತದೆಂದು ತಿಳಿಯಲು "ಇಲ್ಲಿಗೆ ಬಂದೆ", "ದಾಟಿದೆ", "ಇನ್ನೂ ಬದುಕಿದ್ದೇನೆ" ಎಂದು ಲಾಗ್ ಎಂಬ ದಿನಚರಿ ಕಡತದಲ್ಲಿ ಬರೆಯುವಂತೆ ಮಾಡಿದ್ದ. ಆಮೇಲೆ ತೆಗೆಯಲು ಮರೆತ. ಕಾರ್ಡು ಆರು ವರ್ಷದಿಂದ ಗಿರಾಕಿಗಳ ಸರ್ವರಿನಲ್ಲಿ ಕೂತು ಸೆಕೆಂಡಿಗೊಮ್ಮೆ ವಟಗುಟ್ಟುತ್ತಲೇ ಇತ್ತು. ಕೊನೆಗೆ ಇದೇ ಊರಿನ ಗಿರಾಕಿಯೊಬ್ಬ ರೇಗಿ ಪತ್ರ ಬರೆದ.

"ಐದು ಗಂಟೆಯೊಳಗೆ ಒಂದು ಸೊಲ್ಲೂ ಉಳೀಬಾರ್ದು. ಅಲ್ಲೀವರೆಗೂ ಕುರ್ಚಿ ಬಿಟ್ಟು ಏಳ್ಬೇಡ," ಎಂದರು ಮ್ಯಾನೇಜರ್ ಕೊ.

"ಸಾರ್, ಆರಕ್ಕೆ ನಾನು ಮದುವೆಯಾಗೋ ಪೈಯುನ್ ಅವರಪ್ಪನ ಜೊತೆ ಊಟ ಇದೆ. ಈಗಾಗ್ಲೇ ಎರಡು ಸಲ ತಪ್ಪಿಸಿದೀನಿ. ಮೂರನೇ ಸಲ ತಪ್ಪಿದ್ರೆ ಹುಡುಗಿ ಕೊಡಲ್ಲ ಅಂದಿದಾರೆ. ಎಲ್ಲೋ ಸರ್ವರ್ ಕೋಣೆ ನೋಡ್ಕೊಳ್ಳೋ ಮನುಷ್ಯ, ಮೂಗಿನ ತುದೀಲೇ ಕೋಪವಂತೆ."

"ಹಾಗಾದ್ರೆ ಮಾತು ಬಿಟ್ಟು ಕೆಲ್ಸ ಮಾಡು."

ಯೂಶೆಂಗ್ ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಒಂದೊಂದೇ ಸಾಲು ಅಳಿಸುತ್ತ, ಹೊಟ್ಟೆ ಚುರುಗುಟ್ಟಿದಾಗ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತ ಕೂತ. ಮೂರು ಗಂಟೆಗೆ ಕೊನೆಯ ಸಾಲು "ಇನ್ನೂ ಬದುಕಿದ್ದೇನೆ" ಅಳಿಸಿದ್ದೇ ತಡ, ಪರೀಕ್ಷೆಗೆಂದು ಪಕ್ಕದಲ್ಲೇ ಇಟ್ಟಿದ್ದ ಸರ್ವರಿನಲ್ಲಿ ಕಾರ್ಡು ಸತ್ತೇ ಹೋಯಿತು.

ಕಚೇರಿ ನೋಡಿಕೊಳ್ಳುವ ಮೇಯ್‌ಫಂಗ್ ಅಕ್ಕ ಓಡಿ ಬಂದವಳು ಸರ್ವರಿನ ತಲೆ ನೋಡಿ ಚೀರಿದಳು: "ಅಯ್ಯೋ! ಪೊಟ್ಟಣ ಎಲ್ಲಿ?"

ಸರ್ವರು ಹಟ ಮಾಡದಿರಲೆಂದು ಅದರ ಮೇಲೆ ಹಸಿರು ಪೊಟ್ಟಣದ ತಿಂಡಿ ಇಡುವುದು ಅಲ್ಲಿ ಎಲ್ಲರೂ ಪಾಲಿಸುವ ಪದ್ಧತಿ. ಅದನ್ನು ಯಾರೂ ಮುಟ್ಟುವುದಿಲ್ಲ. ಯೂಶೆಂಗನ ಬೆರಳಿಗೆ ತೆಂಗಿನ ಘಮದ ಪುಡಿ ಮೆತ್ತಿತ್ತು.

"ತಿಂದ್ಯಾ? ಸರ್ವರಿನ ತಿಂಡೀನ ತಿಂದ್ಯಾ? ನಿನ್ನ ಹೊಟ್ಟೆಗಿಷ್ಟು ಬೆಂಕಿ ಬೀಳ!"

"ಅಕ್ಕಾ, ಗಮನಾನೇ ಇರಲಿಲ್ಲ ಅಕ್ಕಾ..."

ಮಹಡಿಯ ಜನವೆಲ್ಲ ನೆರೆದು ಅವನನ್ನು ದೇವರ ನೈವೇದ್ಯ ಕದ್ದವನಂತೆ ನೋಡಿದರು. ಅಕ್ಕ ಹೊಸ ಪೊಟ್ಟಣ ತರಲು ಅಂಗಡಿಗೆ ಓಡಿದಳು. ಯೂಶೆಂಗ್ ಬೆವರುತ್ತ ಪ್ರೋಗ್ರಾಮನ್ನು ಮತ್ತೆ ಮತ್ತೆ ಓದಿದ. ಆಗ ಹೊಳೆಯಿತು. ಕಾರ್ಡಿಗೆ ಎರಡು ಕೆಲಸದ ನಡುವೆ ಚೂರು ಸುಧಾರಿಸಿಕೊಳ್ಳಬೇಕು. ಆ ಸಾಲನ್ನು ಬರೆಯಲು ಹಿಡಿಯುವ ಹೊತ್ತೇ ಇಷ್ಟು ವರ್ಷ ಅದಕ್ಕೆ ವಿಶ್ರಾಂತಿ ಕೊಟ್ಟಿತ್ತು! ಸಾಲನ್ನು ವಾಪಸು ಹಾಕಿ ಗುಂಡಿ ಒತ್ತಿದ. ಅದೇ ಗಳಿಗೆಯಲ್ಲಿ ಅಕ್ಕ ಪೊಟ್ಟಣವಿಟ್ಟು ಕೈಮುಗಿದಳು. ಕಾರ್ಡಿನ ದೀಪ ಹತ್ತಿತು.

"ನೋಡಿದ್ರಾ!" ಎಂದಳು ಅಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಪೊಟ್ಟಣ ಬಂತಲ್ಲ, ಇನ್ಯಾಕೆ ಭಯ? ಆ ಸಾಲನ್ನೂ ಕಿತ್ತಾಕಿ ಗಿರಾಕಿಗೆ ಕಳ್ಸು," ಎಂದರು ಕೊ.

ನಿಜ ಹೇಳಿದರೆ ಅಕ್ಕ ಅಲ್ಲೇ ಸೀಳಿಬಿಡುತ್ತಾಳೆ. ಯೂಶೆಂಗ್ ತೆಪ್ಪಗೆ ಸಾಲು ತೆಗೆದು, ಅದರ ಜಾಗದಲ್ಲಿ ಸದ್ದಿಲ್ಲದೆ ಕ್ಷಣಹೊತ್ತು ಕಾಯುವ ಆಜ್ಞೆ ಹಾಕಿದ. ಕಾರ್ಡು ತುಟಿಪಿಟಕ್ಕೆನ್ನದೆ ಓಡಿತು. ಗಿರಾಕಿಗೆ ಕಳಿಸಿದಾಗ ಐದಕ್ಕೆ ಇನ್ನೂ ಹತ್ತು ನಿಮಿಷ. ಅಬ್ಬಾ, ಬದುಕಿದೆ! ಎನ್ನುತ್ತ ಮುಖ ತೊಳೆದು, ಮಾವನಿಗೆಂದು ತಂದಿದ್ದ ಚಹಾ ಡಬ್ಬಿ ಎತ್ತಿಕೊಂಡ.

ಲಿಫ್ಟಿನ ಬಳಿ ಪೈಯುನ್ ಫೋನು ಬಂತು. "ಊಟ ಇವತ್ತು ಬೇಡ ಕಣೋ. ಅಪ್ಪನ ಸರ್ವರ್ ಕೋಣೇಲಿ ಏನೋ ಅನಾಹುತ ಆಗಿದ್ಯಂತೆ, ಓಡಿದ್ರು."

ಯೂಶೆಂಗನಿಗೆ ಕುಣಿಯಬೇಕೆನಿಸಿತು. ಮೂರನೇ ಸಲ ಊಟ ತಪ್ಪಿದ್ದು ನಿಜ, ಆದರೆ ತಪ್ಪಿಸಿದ್ದು ಅವರು!

"ಏಯ್ ಫಾಂಗ್, ನಿಲ್ಲು!" ಕೊ ಏದುಸಿರು ಬಿಡುತ್ತ ಬಂದರು. "ಆ ಗಿರಾಕಿ ಕೂಗಾಡ್ತಿದಾರೆ. ಅವರ ಕಾವಲು ಪ್ರೋಗ್ರಾಂ 'ಇನ್ನೂ ಬದುಕಿದ್ದೇನೆ' ಅನ್ನೋ ಸಾಲು ನೋಡ್ಕೊಂಡೇ ಕಾರ್ಡು ಸರಿಯಿದೆ ಅಂತಿತ್ತಂತೆ. ಈಗ ಎಲ್ಲಾ ಕಾರ್ಡೂ ಸತ್ತಿವೆ ಅಂತ ಗಂಟೆ ಹೊಡೀತಿದೆ. 'ಹರಟೆ ಕಡಿಮೆ ಮಾಡಿ ಅಂದ್ರೆ ಉಸಿರೇ ನಿಲ್ಸಿದಾನಲ್ಲ, ಆ ಮುಠ್ಠಾಳನ್ನ ಈಗ್ಲೇ ನನ್ನ ಮುಂದೆ ನಿಲ್ಸಿ' ಅಂತಿದಾರೆ."

"ಯಾರು ಸಾರ್ ಅವರು?"

"ತ್ಸೌ ಅಂತ. ಮಗಳ ಮದುವೆ ಮಾತಿಗೆ ಹೊರಟಿದ್ರಂತೆ, ಅದೂ ಕೆಟ್ಟಿತು ಅಂತ ಇನ್ನೂ ಕೋಪ."

ಚಹಾ ಡಬ್ಬಿ ಕೈಯಿಂದ ಜಾರಿತು. ಮೇಯ್‌ಫಂಗ್ ಅಕ್ಕ ಓಡಿ ಬಂದು ಅವನ ಕೈಗೆ ಹಸಿರು ಪೊಟ್ಟಣವೊಂದನ್ನು ತುರುಕಿದಳು.

"ಇದನ್ನ ಅಲ್ಲಿಡು, ಎಲ್ಲಾ ಸರಿಹೋಗುತ್ತೆ. ದಾರೀಲಿ ತಿನ್ಬೇಡ."