ಕರಿ ಹಿಡಿ, ಕೆಂಪು ಹಿಡಿ

ಪಕ್ಕದ ಮನೆಯ ನೊಲೀನ್ ನೀರಿನ ಬಾಟ್ಲಿಗಳನ್ನು ಫ್ರೀಜರಿನಲ್ಲಿ ಇಡದೇ ಇದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದು ಡೆಸ್ ಲಿಟ್ಸೋ ಇವತ್ತಿಗೂ ಹೇಳುತ್ತಾನೆ. ಹೇಳಿಕೊಳ್ಳಲಿ ಪಾಪ. ಬೈಯುವುದಕ್ಕೆ ಪಕ್ಕದ ಮನೆಯವರೂ ಇಲ್ಲದಿದ್ದರೆ ಮನುಷ್ಯ ಬದುಕುವುದಾದರೂ ಹೇಗೆ?

ಡೆಸ್ ಇಪ್ಸ್‌ವಿಚ್ ಕಡೆಯ ಮಾಂಸದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಮೂಳೆ ಬಿಡಿಸಿದವನು. ಕಾರ್ಖಾನೆಗೆ ಯಂತ್ರ ಬಂತು, ಡೆಸ್ ಮನೆಗೆ ಬಂದ. ಅಂದಿನಿಂದ ಹಿತ್ತಲಲ್ಲಿ ನಿಂತು ಅಗ್ಗದ ಜಪಾನಿ ಮಾದರಿಯ ಕತ್ತಿಗಳನ್ನು ಪರೀಕ್ಷಿಸುವುದು, ಯೂಟ್ಯೂಬಿನಲ್ಲಿ ಅವುಗಳ ಮಾನ ಹರಾಜು ಹಾಕುವುದು, ಇದೇ ಅವನ ಕಸುಬು. "ಕಣ್ಣು ಮೋಸ ಹೋಗ್ಬಹುದು, ಈ ಕೈ ಹೋಗಲ್ಲ" ಎಂಬುದು ಪ್ರತಿ ವಿಡಿಯೋದ ಮೊದಲ ಮಾತು. ಹೆಂಡತಿ ಗ್ಲೆನಿಸ್‌ಗೆ ಅದು ನಿದ್ದೆಯಲ್ಲೂ ಕೇಳಿಸುತ್ತಿತ್ತು.

ಆ ದಿನದ ವಿಡಿಯೋ ಮಾತ್ರ ಹುಡುಗಾಟದ್ದಲ್ಲ. ಬ್ರಿಸ್ಬೇನಿನ ಕತ್ತಿ ಸಂಘಕ್ಕೆ ವರ್ಷದ ಮೇಳಕ್ಕೊಬ್ಬ ತೀರ್ಪುಗಾರ ಬೇಕಾಗಿದ್ದ. ಕಾರ್ಯದರ್ಶಿ ರಾಸ್ ಪೆಂಬರ್ ಹನ್ನೊಂದು ಗಂಟೆಯ ನೇರ ಪ್ರಸಾರ ನೋಡಿ ತೀರ್ಮಾನಿಸುತ್ತೇನೆ ಎಂದಿದ್ದ. ಕೆಲಸ ಹೋದ ಮೇಲೆ ಡೆಸ್‌ನನ್ನು ಯಾರಾದರೂ ಯಾತಕ್ಕಾದರೂ ಬೇಕು ಅಂದದ್ದು ಅದೇ ಮೊದಲು. ಮೂರು ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಅವತ್ತು ಎರಡು ಕತ್ತಿಗಳ ಮುಖಾಮುಖಿ. ಒಂದು ಅವನ ಪ್ರಾಣ: ಒಬ್ಬ ಮುದುಕ ಕಮ್ಮಾರ ತಿಂಗಳುಗಟ್ಟಲೆ ಬಡಿದು ಮಾಡಿದ್ದು, ಹಿಡಿಗೆ ಕರಿ ರೇಷ್ಮೆ ಹುರಿ. ಇನ್ನೊಂದು ಹೋದ ವಾರ ಅಂಚೆಯಲ್ಲಿ ಬಂದ ಅದರದೇ ಅಗ್ಗದ ನಕಲು, ಹಿಡಿಗೆ ಕೆಂಪು ನೂಲಿನ ಹುರಿ. ಬೆಳಿಗ್ಗೆಯೇ ಹಿಡಿಯನ್ನು ಅಲಗಿಗೆ ಬಿಗಿಸುವ ಬಿದಿರು ಮೊಳೆಯನ್ನು ಎರಡರಿಂದಲೂ ತಟ್ಟಿ ತೆಗೆದು, ಹಿಡಿ ಕಳಚಿ, ಅಲಗುಗಳಿಗೆ ಎಣ್ಣೆ ಒರೆಸಿ ಹಿತ್ತಲ ಮೇಜಿನ ಮೇಲೆ ಮಲಗಿಸಿದ್ದ. ಕತ್ತಿಯಿಂದ ಕಡಿಯಲು ನೀರು ತುಂಬಿಸಿಡಿ ಎಂದು ನೊಲೀನ್‌ಗೆ ಖಾಲಿ ಬಾಟ್ಲಿ ಕೊಟ್ಟಿದ್ದ. ಅಷ್ಟರಲ್ಲಿ ಬೇಲಿಯಾಚೆಯಿಂದ ಅವಳು ಕೂಗಿದಳು.

"ಡೆಸ್, ನಿನ್ನ ಬಾಟ್ಲಿ ತಗೊಂಡು ಹೋಗಪ್ಪಾ! ಮೂವತ್ತೂ ತುಂಬಿಸಿಟ್ಟಿದೀನಿ."

ಎತ್ತಿಕೊಂಡರೆ ಕಲ್ಲು.

"ಇದೇನ್ರೀ ಇದು, ಮಂಜುಗಡ್ಡೆ!"

"ಹೂಂ ಮತ್ತೆ. ಈ ಬಿಸಿಲಿಗೆ ನೀರು ಹೊರಗಿಟ್ರೆ ಪಾಚಿ ಕಟ್ಟಲ್ವಾ? ಮಟನ್ನೆಲ್ಲಾ ತೆಗ್ದು ನಿನಗೋಸ್ಕರ ಜಾಗ ಮಾಡಿದೀನಿ. ಒಳ್ಳೇದು ಮಾಡಿದ್ರೂ ಮುಖ ಗಂಟು ಹಾಕ್ಕೋತೀಯಲ್ಲ!"

ಮಂಜುಗಡ್ಡೆಗೆ ಕತ್ತಿ ಬೀಸಿದರೆ ಬಾಯಿ ಮುಕ್ಕಾಗುತ್ತದೆ. ಇದ್ದದ್ದು ಮುಕ್ಕಾಲು ಗಂಟೆ. ಡೆಸ್ ರಸ್ತೆಯುದ್ದಕ್ಕೂ ಕಸದ ಡಬ್ಬಿಗಳಿಗೆ ತಲೆ ತೂರಿಸಿ ಖಾಲಿ ಬಾಟ್ಲಿ ಹೆಕ್ಕಿದ. ಮೂಲೆ ಮನೆಯ ನಾಯಿ ಅವನ ಚಡ್ಡಿಯ ಒಂದು ತುಂಡನ್ನು ನೆನಪಿಗೆ ಇಟ್ಟುಕೊಂಡಿತು. ಹನ್ನೆರಡು ಬಾಟ್ಲಿ ತುಂಬಿಸಿಕೊಂಡು ಬೆವರು ಸುರಿಸುತ್ತಾ ಬಂದರೆ, ಮೇಜಿನ ಮುಂದೆ ಎದುರು ಮನೆಯ ಮರ್ವ್ ಕೈ ಒರೆಸಿಕೊಳ್ಳುತ್ತಿದ್ದ. ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡಿಕೊಂಡು ಮುದುಕನಾದವನು. ಬಿಡಿ ಭಾಗ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ.

"ಎರಡನ್ನೂ ಜೋಡ್ಸಿ ಒರೆಗೆ ಹಾಕಿಟ್ಟಿದೀನಿ ಮಾರಾಯ. ಹೀಗೆಲ್ಲಾ ಹರಡಿ ಹೋಗ್ತಾರಾ? ಮೊಳೆ ಕಳೆದುಹೋಗಿದ್ರೆ?"

ಡೆಸ್ ಮೊಳೆ ಅಲ್ಲಾಡಿಸಿ ನೋಡಿದ. ಭದ್ರವಾಗಿತ್ತು. ಕರಿ ಹಿಡಿಯ ಕತ್ತಿ ಒರೆಯಿಂದ ಯಾಕೋ ಬಿಗಿಯಾಗಿ ಬಂತು. "ಸೆಕೆಗೆ ಮರ ಊದ್ಕೊಂಡಿದೆ" ಎಂದುಕೊಂಡ. ಹನ್ನೊಂದಾಗಲು ಎರಡು ನಿಮಿಷವಿತ್ತು.

ಗ್ಲೆನಿಸ್ ಫೋನು ಹಿಡಿದಳು. ನೊಲೀನ್, ಮರ್ವ್ ಕುರ್ಚಿ ಹಾಕಿಕೊಂಡು ಕೂತರು. ರಾತ್ರಿಯಿಡೀ ನೆನೆಸಿ ಸುತ್ತಿದ ಹುಲ್ಲು ಚಾಪೆಗಳು ಗೂಟದ ಮೇಲೆ ನಿಂತಿದ್ದವು.

ಡೆಸ್ ಕರಿ ಹಿಡಿಯನ್ನು ಎತ್ತಿ ಉಸಿರು ಬಿಗಿಹಿಡಿದು ಬೀಸಿದ. ಚಾಪೆ ಎರಡಾಯಿತು. ಇನ್ನೊಮ್ಮೆ ಬೀಸಿದ, ಮೂರಾಯಿತು. ಬಾಟ್ಲಿಗಳು ಒಂದರ ಹಿಂದೊಂದು ಸೊಂಟ ಮುರಿದುಕೊಂಡವು. ಅವನ ಕಣ್ಣು ತುಂಬಿ ಬಂತು.

"ನೋಡಿದ್ರಾ? ಇದು ಕಮ್ಮಾರನ ಕೈಯಿ. ಕಣ್ಣು ಮುಚ್ಕೊಂಡು ಹಿಡಿದ್ರೂ ನನಗೆ ಗೊತ್ತಾಗುತ್ತೆ."

ಆಮೇಲೆ ಕೆಂಪು ಹಿಡಿಯನ್ನು ಸತ್ತ ಇಲಿ ಎತ್ತುವವನ ಹಾಗೆ ಎರಡು ಬೆರಳಲ್ಲಿ ಎತ್ತಿದ. ಬೀಸಿದ್ದೂ ಹಾಗೇ. ಕತ್ತಿ ಚಾಪೆಯ ನಡುವೆ ಸಿಕ್ಕಿಕೊಂಡಿತು.

"ಥೂ! ಇದು ಕತ್ತಿಯಲ್ಲ, ತಗಡು. ಈಗ ಕಡೇ ಪರೀಕ್ಷೆ." ಹಿತ್ತಲಲ್ಲಿ ಕಬ್ಬಿಣದಷ್ಟು ಗಟ್ಟಿಯಾದ ಐರನ್‌ಬಾರ್ಕ್ ಮರದ ಹಳೇ ಬೇಲಿ ಕಂಬವೊಂದಿತ್ತು. ಡೆಸ್ ಮೈಯ ಸಿಟ್ಟನ್ನೆಲ್ಲ, ಯಂತ್ರದ ಮೇಲಿನದನ್ನೂ ಸೇರಿಸಿ, ಅದಕ್ಕೆ ಅಪ್ಪಳಿಸಿದ. ಮೂರನೇ ಏಟಿಗೆ ಅಲಗು ಮುರಿದು ಗ್ಲೆನಿಸ್‌ಳ ಟೊಮೇಟೊ ಪಾತಿಗೆ ಹಾರಿತು.

"ಅಗ್ಗದ ಮಾಲಿನ ಹಣೆಬರಹ!" ಎಂದು ಡೆಸ್ ಗೆದ್ದವನಂತೆ ನಕ್ಕ.

"ಕರೀದನ್ನೂ ಕಂಬಕ್ಕೆ ಹೊಡಿಯಲ್ವಾ?" ನೊಲೀನ್ ಕೇಳಿದಳು.

"ಹುಚ್ಚಾ ನಿಮಗೆ? ಅದು ಒಳ್ಳೇ ಕತ್ತಿ!"

ಪ್ರಸಾರ ಮುಗಿಯಿತು. ಮುರಿದ ಕತ್ತಿಯ ಹಿಡಿ ಎತ್ತಿಡುವುದು ಡೆಸ್‌ನ ರೂಢಿ, ಮುಂದೆ ಯಾವುದಕ್ಕಾದರೂ ಬಂದೀತು ಅಂತ. ಮೊಳೆ ತಟ್ಟಿದ. ಕೆಂಪು ಹಿಡಿ ಜಾರಿತು. ಒಳಗಿದ್ದ ಕಬ್ಬಿಣದ ಮೇಲೆ ಉಳಿಯಿಂದ ಕೊರೆದ ಎರಡು ಅಕ್ಷರಗಳಿದ್ದವು. ಮುದುಕ ಕಮ್ಮಾರನ ಹೆಸರು. ಒಂಬತ್ತು ವರ್ಷದಿಂದ ತಿಂಗಳಿಗೊಮ್ಮೆ ಎಣ್ಣೆ ಹಚ್ಚಿ ಮುದ್ದಿಸಿದ ಹೆಸರು.

ಡೆಸ್ ಅಲ್ಲೇ ಹುಲ್ಲಿನ ಮೇಲೆ ಕುಸಿದ.

"ಮರ್ವ್, ಯಾವ ಅಲಗಿಗೆ ಯಾವ ಹಿಡಿ ಅಂತ ಹೇಗೆ ಗೊತ್ತಾಯ್ತು ನಿನಗೆ?"

"ಗೊತ್ತಾಗೋದೇನು ಮಾರಾಯ, ಎರಡೂ ಒಂದೇ ಥರ ಇತ್ತು. ಸರಿಯಾಗೇ ಕೂತ್ಕೊಂತಲ್ಲ!" ಎಂದವನು ಡೆಸ್‌ನ ಮುಖ ನೋಡಿದ, ಆ ಅಕ್ಷರ ನೋಡಿದ, ಕುರ್ಚಿಯನ್ನು ಒಂದಡಿ ಹಿಂದಕ್ಕೆ ಸರಿಸಿಕೊಂಡ. ಗ್ಲೆನಿಸ್ ಟೊಮೇಟೊ ಪಾತಿಗೆ ಹೋಗಿ ಮುರಿದ ಅಲಗನ್ನು ಹೆಕ್ಕಿ ತಂದಳು.

ಫೋನು ಬಡಿದುಕೊಂಡಿತು. ರಾಸ್ ಪೆಂಬರ್.

"ಭಲೇ ಡೆಸ್! ಕೈ ಅಂದ್ರೆ ಕೈ ಕಣಯ್ಯಾ ನಿಂದು! ಒಳ್ಳೇದು ಯಾವ್ದು, ಕೆಟ್ಟದ್ದು ಯಾವ್ದು, ಒಂದೇ ಏಟಿಗೆ ಹೇಳ್ಬಿಟ್ಟೆ. ಶನಿವಾರ ನೀನೇ ತೀರ್ಪುಗಾರ. ಕಮಿಟಿಯವರೆಲ್ಲಾ ಒಪ್ಪಿದಾರೆ."

ನಿಜ ಹೇಳುವುದಕ್ಕೆ ಡೆಸ್ ಬಾಯಿ ತೆರೆದ. ಆದರೆ ಆ ಕಡೆ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ತನಗಾಗಿ ಚಪ್ಪಾಳೆ ಕೇಳಿ ಎಷ್ಟು ಕಾಲವಾಗಿತ್ತೋ.

"ಆಗಲಿ ರಾಸ್" ಎಂದ.

"ಇನ್ನೊಂದು. ನೀನು ಕಣ್ಣು ಮುಚ್ಕೊಂಡು ಹೇಳ್ತೀನಿ ಅಂದ್ಯಲ್ಲ, ಅದು ಎಲ್ರಿಗೂ ಹಿಡಿಸ್ಬಿಡ್ತು. ಇಪ್ಪತ್ತು ಅಗ್ಗದ ಕತ್ತಿ ಸಾಲಾಗಿಟ್ಟು ಹಿಡಿಗೆಲ್ಲಾ ಬಟ್ಟೆ ಸುತ್ತಿರ್ತೀವಿ. ಮಧ್ಯದಲ್ಲಿ ನಿನ್ನ ಕರಿ ಹಿಡಿಯ ಕತ್ತಿ. ಕಣ್ಣಿಗೆ ಪಟ್ಟಿ ಕಟ್ಕೊಂಡು, ಬರೀ ಕೈಯಲ್ಲಿ ಅದನ್ನ ಆರಿಸ್ಕೊಡ್ಬೇಕು. ಊರೆಲ್ಲಾ ಬರ್ತಿದೆ!"

ಡೆಸ್ ಫೋನನ್ನು ಮೇಜಿನ ಮೇಲಿಟ್ಟ. ಪಕ್ಕದಲ್ಲೇ ಕರಿ ಹಿಡಿಯ ಕತ್ತಿ ಬಿಸಿಲಿಗೆ ಥಳಥಳಿಸುತ್ತಿತ್ತು. ಒಳಗಿದ್ದದ್ದು ಅಂಚೆಯಲ್ಲಿ ಬಂದ ಅಗ್ಗದ ಅಲಗು. ಆದರೂ ಒಳ್ಳೆಯ ಕತ್ತಿಯೇ ಅದು. ಹಿಡಿ ನೋಡದೆ ಅದನ್ನು ಹೇಳಬೇಕಾಗಿದ್ದವನು ಅವನೇ.

"ಬಟ್ಟೆ ಸುತ್ತೋ ಕೆಲಸ ನನಗೆ ಕೊಡ್ತಾರಾ ಕೇಳೋ," ಮರ್ವ್ ಮೆಲ್ಲಗೆ ಅಂದ. "ಒಂದು ಗುರುತು ಬೇಕಾದ್ರೆ ಮಾಡಿಟ್ಟಿರ್ತೀನಿ."